ಧಾತು, ಈಶ್ವರ ಬರ ನಮ್ಮ ಮೈಯಲ್ಲಿ ಇನ್ನೂ ಇದೆಯಾ?

ಮೊದಲು ಎರಡು ಸಂಖ್ಯೆ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹೆಚ್ಚಬೇಕಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಮೀರಿ ಕುಸಿದಿತ್ತು. ಕಾರಣ, 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಮಹಾಬರ. ಮಳೆಯನ್ನೇ ನೆಚ್ಚಿದ್ದ ಚಿತ್ರದುರ್ಗ ಸೀಮೆಗೆ ಅದರ ಪೆಟ್ಟು ಜೋರಾಗಿಯೇ ಬಿತ್ತು.

ಸತ್ತವರ ಲೆಕ್ಕ ಇತಿಹಾಸದಲ್ಲಿದೆ. ಬದುಕುಳಿದವರ ಕಥೆ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಎಷ್ಟೋ ಮನೆಗಳು ಅವರದೇ ಕುಡಿಗಳಲ್ವಾ? ಆ ಹಸಿವಿನ ಗುರುತು ಮುಂದಿನವರ ಮೈಯಲ್ಲಿ ಉಳಿಯುತ್ತಾ?

ಇದನ್ನು ಹುಡುಕುವ ವಿಜ್ಞಾನಕ್ಕೆ ಎಪಿಜೆನೆಟಿಕ್ಸ್ ಅಂತಾರೆ. ಇಂಜಿನಿಯರಿಂಗ್ ಓದಿದವನ ಭಾಷೆಯಲ್ಲಿ ಹೇಳೋದಾದರೆ, ಮನೆಯ ವೈರಿಂಗ್ ಅದೇ ಇರುತ್ತೆ, ಯಾವ ಸ್ವಿಚ್ ಆನ್, ಯಾವುದು ಆಫ್ ಅನ್ನೋದು ಮಾತ್ರ ಬದಲಾಗುತ್ತೆ. ಜೀನ್ ಬದಲಾಗಲ್ಲ. ಅದರ ಮೇಲೆ ಕೂರುವ ಮೀಥೈಲ್ ಎಂಬ ರಾಸಾಯನಿಕ ಗುರುತು ಬದಲಾಗುತ್ತೆ.

ಹಾಲೆಂಡಿನಲ್ಲಿ 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ಸಾಗಣೆ ತಡೆದು ಜನರನ್ನು ಉಪವಾಸ ಕೆಡವಿತು. ಆಗ ಗರ್ಭದಲ್ಲಿದ್ದವರನ್ನು ಆರು ದಶಕದ ನಂತರ ಅವರ ಒಡಹುಟ್ಟಿದವರ ಜೊತೆ ಹೋಲಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಮೇಲೆ ಮೀಥೈಲ್ ಗುರುತು ಕಡಿಮೆ ಇತ್ತು. 2008ರಲ್ಲಿ ಈ ವರದಿ ಬಂತು.

ನಮ್ಮಲ್ಲೂ ಒಂದು ಸುಳಿವು ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ತಪಾಸಣೆ ಮಾಡಿದಾಗ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಶೇ 11. ದಷ್ಟಪುಷ್ಟವಾಗಿ ಹುಟ್ಟಿದವರಲ್ಲಿ ಶೇ 3.

ಹಾಗಂತ ನಮ್ಮ ಸಕ್ಕರೆ ಕಾಯಿಲೆಗೆಲ್ಲ ಮುತ್ತಜ್ಜಿಯ ಬರವೇ ಕಾರಣ ಅನ್ನೋದು ತಪ್ಪಾಗುತ್ತೆ. ಗರ್ಭದಲ್ಲಿ ಅನುಭವಿಸಿದ ಹಸಿವಿನ ಪುರಾವೆ ಗಟ್ಟಿಯಾಗಿದೆ. ತಲೆಮಾರು ದಾಟುವ ವಿಚಾರದಲ್ಲಿ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ಬಡತನ, ಊಟ, ದುಡಿಮೆ ಕೂಡ ತಲೆಮಾರು ದಾಟುತ್ತವೆ ಅನ್ನೋದನ್ನು ಮರೆಯಬಾರದು.

ಬರದ ನಾಡಿಗೆ ನೀರು ಕೊಡಲು ಮೈಸೂರು ಸರ್ಕಾರ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಕಟ್ಟಿತು. ಕೆಲಸ 1907ರಲ್ಲಿ ಮುಗಿಯಿತು. ಇಂದಿನ ಇನ್ನೊಂದು ಅಣೆಕಟ್ಟು ಅಂಗನವಾಡಿಯ ಊಟದ ತಟ್ಟೆ. ಗರ್ಭಿಣಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಶುರುವಾಯಿತು. ಆ ತಟ್ಟೆಯಲ್ಲಿ ಇವತ್ತು ಮೊಟ್ಟೆ ಇದೆಯಾ, ಬೇಳೆ ಇದೆಯಾ ಅಂತ ಊರಿನವರು ಹೋಗಿ ನೋಡಬೇಕು. ಯಾಕಂದ್ರೆ ಅದು ಒಬ್ಬರ ಊಟ ಅಲ್ಲ, ಅರವತ್ತು ವರ್ಷದ ಆಚೆಗಿನ ಒಂದು ಹೃದಯದ ಊಟವೂ ಹೌದು.