ಪೇಟಿಯ ಪಕ್ಕದ ಪುಟ್ಟ ಪೆಟ್ಟಿಗೆ

ಮಿಕ್ಸರ್ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಚಟ್ನಿ ಅರೆಯುವ ಯಂತ್ರ. ಸಂಗೀತಗಾರರ ಮಿಕ್ಸರಿಗೂ ಅದಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ. ಅಡಿಗೆಮನೆಯ ಮಿಕ್ಸರು ತೆಂಗು, ಹುಣಿಸೆ, ಮೆಣಸಿನಕಾಯಿಗಳ ಗುರುತೇ ಸಿಕ್ಕದಂತೆ ಅರೆದು ಒಂದು ಮಾಡುತ್ತದೆ. ಶಬ್ದದ ಮಿಕ್ಸರಾದರೋ ಡಬ್ಬದಲ್ಲಿಟ್ಟ ಖಾರದ ಮಿಕ್ಸ್ಚರಿನ ಜಾತಿಯದು. ಅವಲಕ್ಕಿ ಅವಲಕ್ಕಿಯಾಗಿಯೇ ಇರಬೇಕು, ಕಡಲೆಕಾಯಿ ಕಡಲೆಕಾಯಿಯಾಗಿಯೇ ಇರಬೇಕು. ಯಾವುದು ಎಷ್ಟು ಎಂಬುದಷ್ಟೇ ಅದರ ಕೆಲಸ.

ನಿಮ್ಮ ಮನೆಯಲ್ಲಿ ಕೀಬೋರ್ಡ್ ನುಡಿಸುವ ಮಗನೋ ಮಗಳೋ ಇದ್ದರೆ, ಇಂಥದೊಂದು ಪೆಟ್ಟಿಗೆ ಬೇಕೆಂಬ ಮಾತು ಎಂದಾದರೊಂದು ದಿನ ಊಟದ ಹೊತ್ತಿನಲ್ಲಿ ಬಂದೇ ಬರುತ್ತದೆ. "ಕೀಬೋರ್ಡ್ ಇದೆಯಲ್ಲ, ಮೈಕ್‌ಸೆಟ್ಟಿನವರೂ ಇದ್ದಾರೆ, ನಡುವೆ ಇದೇಕೆ?" ಎಂದು ನೀವು ಕೇಳುವುದೂ ನ್ಯಾಯವೇ. ಈ ಪ್ರಶ್ನೆಗೆ ಉತ್ತರ ಅಂಗಡಿಯವನ ಪಟ್ಟಿಯಲ್ಲಿ ಇಲ್ಲ, ಸುಮಾರು ತೊಂಬತ್ತು ವರ್ಷಗಳ ಇತಿಹಾಸದಲ್ಲಿದೆ. ಆ ಇತಿಹಾಸದ ಬಹುಪಾಲು ನಡೆದುದು ರೇಡಿಯೋ ನಿಲಯಗಳ ಒಳಗೆ ಎಂಬುದರಿಂದ ಅದನ್ನು ಹೇಳಲು ಈ ಪುಟಗಳೇ ತಕ್ಕ ಸ್ಥಳ.

ಮೊದಲು ಪೇಟಿಯ ಮಾತು. ನಾಟಕ ಕಂಪೆನಿಗಳ ಕಾಲದಲ್ಲಿ ಕಾಲು ಹಾರ್ಮೋನಿಯಂ ರಂಗದ ಮುಂದೆ ರಾಜನಂತೆ ಕುಳಿತಿರುತ್ತಿದ್ದಿತು. ಅದಕ್ಕೆ ಮೈಕು ಬೇಕಿರಲಿಲ್ಲ, ಮಿಕ್ಸರಂತೂ ಮೊದಲೇ ಬೇಕಿರಲಿಲ್ಲ. ಡೇರೆಯ ಕೊನೆಯ ಸಾಲಿನವನಿಗೂ ಅದರ ಸ್ವರ ಮುಟ್ಟುತ್ತಿತ್ತು. ಆದರೆ ರೇಡಿಯೋ ಬಂದಾಗ ಈ ರಾಜನಿಗೆ ಬಾಗಿಲು ಮುಚ್ಚಿತು. ದೆಹಲಿ ನಿಲಯದ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಕಾರ ೧೯೩೮ರಲ್ಲಿ ಹಾರ್ಮೋನಿಯಮ್ಮಿನ ವಿರುದ್ಧ ಲೇಖನ ಬರೆದ. ಅದರ ಸ್ವರಗಳು ಗೂಟಕ್ಕೆ ಕಟ್ಟಿದಂತೆ ನಿಂತಲ್ಲೇ ನಿಲ್ಲುತ್ತವೆ, ಶ್ರುತಿಗಳ ಸೂಕ್ಷ್ಮವಾಗಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವಾಗಲಿ ಅದರಲ್ಲಿ ಬರುವಂತಿಲ್ಲ ಎಂಬುದು ಆಕ್ಷೇಪ. ರವೀಂದ್ರನಾಥ ಠಾಕೂರರೂ ಈ ವಾದ್ಯವನ್ನು ಮೆಚ್ಚಿದವರಲ್ಲ. ಲಯೊನೆಲ್ ಫೀಲ್ಡನ್ ಅವರ ಆಡಳಿತದಲ್ಲಿ, ೧೯೪೦ರ ಮಾರ್ಚ್ ೧ರಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ಮೂರು ದಶಕಗಳ ಮೇಲೆ, ೧೯೭೧ರಲ್ಲಿ, ಆ ಕಟ್ಟು ಸಡಿಲವಾಯಿತು; ಅದೂ ಒಮ್ಮೆಗೇ ಪೂರ್ತಿಯಾಗಿ ಅಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ (೧೯೧೭–೨೦೧೦) ಹಿರಿಯರು ಪೇಟಿಯ ಮಾನವನ್ನು ಸಭೆಗಳಲ್ಲಿ ಉಳಿಸಿಕೊಂಡು ಬಂದುದರಿಂದಲೇ ಮರಳಿ ಕರೆಸಿಕೊಳ್ಳಲು ಅಲ್ಲಿ ಏನಾದರೂ ಉಳಿದಿದ್ದಿತು ಎನ್ನಬಹುದು.

ರೇಡಿಯೋ ನಿಲಯದೊಳಗೆ ಮಿಕ್ಸರು ಹುಟ್ಟಿದ ಬಗೆಯನ್ನು ಈಗ ನೋಡಿ. ಆರಂಭದ ವರ್ಷಗಳಲ್ಲಿ ಕೋಣೆಗೊಂದೇ ಮೈಕು. ಹಾಡುವವರು ಹತ್ತಿರ, ಪಿಟೀಲು ಒಂದು ಮಾರು ದೂರ, ತಾಳವಾದ್ಯ ಗೋಡೆಯ ಬಳಿ. ಪ್ರಮಾಣವೆಲ್ಲ ಚಾಪೆ ಹಾಸುವುದರಲ್ಲೇ ಮುಗಿಯುತ್ತಿತ್ತು. ೧೯೩೫ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ ೩೦ ವಾಟು. ಇಂದು ಕೀಬೋರ್ಡಿನವರು ಕಂಕುಳಲ್ಲಿ ಹೊತ್ತು ತರುವ ಧ್ವನಿವರ್ಧಕದ ಮೇಲೂ ಅದಕ್ಕಿಂತ ದೊಡ್ಡ ಅಂಕಿ ಬರೆದಿರುತ್ತದೆ! (ಎರಡೂ ವಾಟುಗಳ ಕೆಲಸ ಬೇರೆ ಬೇರೆ ಎಂಬುದು ಬಲ್ಲವರಿಗೆ ಗೊತ್ತು. ಸೋಜಿಗಕ್ಕಾಗಿ ಹೇಳಿದೆ.)

ನಾಟಕ, ಮೇಳ, ಮಾತು ಎಲ್ಲ ಸೇರಿ ಬಿತ್ತರವಾಗಬೇಕಾದಾಗ ಒಂದು ಮೈಕು ಸಾಲದಾಯಿತು. ಎರಡು ಮೂರು ಮೈಕುಗಳ ತಂತಿಗಳನ್ನು ಸುಮ್ಮನೆ ಒಟ್ಟಿಗೆ ಬೆಸೆದರೆ ಒಂದು ಇನ್ನೊಂದರ ಬಲವನ್ನು ನುಂಗುತ್ತದೆ. ಆದುದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ತಿರುಪು ಗುಂಡಿ ಇಟ್ಟು, ಪ್ರತಿಯೊಂದನ್ನೂ ಕೊಳಾಯಿಯಂತೆ ಹೆಚ್ಚು ಕಡಿಮೆ ಮಾಡಿ, ಆಮೇಲೆ ಒಂದೇ ತೊಟ್ಟಿಗೆ ಹರಿಸುವ ಏರ್ಪಾಡಾಯಿತು. ಮಿಕ್ಸರಿನ ಮೂಲತತ್ತ್ವ ಇಷ್ಟೆ. ಇಂದಿನ ತನಕ ಅದು ಬದಲಾಗಿಲ್ಲ. ತೊಟ್ಟಿ ಎಷ್ಟು ತುಂಬಿದೆ ಎಂದು ತೋರಿಸುವ ಮುಳ್ಳಿನ ಮಾಪಕವನ್ನು ೧೯೩೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವೂ ಎರಡು ದೊಡ್ಡ ರೇಡಿಯೋ ಸಂಸ್ಥೆಗಳೂ ಕೂಡಿ ಗೊತ್ತುಮಾಡಿದುವು. ಮುಳ್ಳು ಸೊನ್ನೆಯ ಆಸುಪಾಸಿನಲ್ಲಿ ಆಡುತ್ತಿದ್ದರೆ ಕ್ಷೇಮ, ಕೆಂಪಿನಲ್ಲೇ ನಿಂತರೆ ಶಬ್ದ ಒಡೆಯುತ್ತದೆ. ಇಂದಿನ ಪುಟ್ಟ ಪೆಟ್ಟಿಗೆಯಲ್ಲಿ ಮುಳ್ಳಿನ ಬದಲು ಹಸಿರು, ಹಳದಿ, ಕೆಂಪು ದೀಪಗಳಿವೆ. ಅವು ಹೇಳುವ ಮಾತು ಅದೇ.

ಕೀಬೋರ್ಡಿನ ತಂತಿಯ ತುದಿಯಲ್ಲಿರುವ ದಪ್ಪನೆಯ ಜ್ಯಾಕನ್ನು ನೀವು ನೋಡಿರಬಹುದು. ಅದು ಸಂಗೀತಕ್ಕಾಗಿ ಹುಟ್ಟಿದುದೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ, ಒಬ್ಬರ ಮನೆಯ ತಂತಿಯನ್ನು ಇನ್ನೊಬ್ಬರ ಮನೆಗೆ ಸೇರಿಸಲು ಆಪರೇಟರುಗಳು ಚುಚ್ಚಿ ತೆಗೆಯುತ್ತಿದ್ದ ಕೊಂಡಿಯೇ ಅದು. ರೇಡಿಯೋದವರು ಟೆಲಿಫೋನಿನವರಿಂದ ಕಡ ತಂದರು, ಸಂಗೀತಗಾರರು ರೇಡಿಯೋದವರಿಂದ ತಂದರು. ಕಡ ತೀರಿಸುವ ಯೋಚನೆ ಯಾರಿಗೂ ಬಂದಂತಿಲ್ಲ.

ಇನ್ನು ವಿದ್ಯುತ್ತಿನ ಕೀಬೋರ್ಡುಗಳು. ಲಾರೆನ್ಸ್ ಹ್ಯಾಮಂಡ್ ಎಂಬಾತನ ಆರ್ಗನ್ನು ೧೯೩೫ರಲ್ಲಿ ಮಾರುಕಟ್ಟೆಗೆ ಬಂದಿತು. ಇಗರ್ಜಿಗಳಿಗೆಂದು ಬಂದದ್ದು ಕುಣಿತದ ಮನೆಗಳಿಗೂ ನುಗ್ಗಿತು. ಐವತ್ತು ಅರವತ್ತರ ದಶಕಗಳಲ್ಲಿ ವುರ್ಲಿಟ್ಜರ್, ರೋಡ್ಸ್ ಮೊದಲಾದ ವಿದ್ಯುತ್ ಪಿಯಾನೋಗಳು ಸೇರಿದುವು. ೧೯೬೪ರಲ್ಲಿ ರಾಬರ್ಟ್ ಮೂಗ್ ತನ್ನ ಸಿಂಥಸೈಜರನ್ನು ನ್ಯೂಯಾರ್ಕಿನಲ್ಲಿ ತೋರಿಸಿದ. ೧೯೭೦ರಲ್ಲಿ ಒಬ್ಬನೇ ಎತ್ತಬಹುದಾದ ಮಿನಿಮೂಗ್ ಬಂದಿತು. ಇದರ ಎಡಬದಿಗೆ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವ ಚಕ್ರವೊಂದಿತ್ತು. ಗೂಟಕ್ಕೆ ಕಟ್ಟಿದ ಸ್ವರ ಎಂಬ ಫೌಲ್ಡ್ಸನ ಆಕ್ಷೇಪಕ್ಕೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ನುಡಿಸುವವನ ಎಡಗೈಗೆ ಬಿಟ್ಟದ್ದು. ಆದರೆ ಮಿನಿಮೂಗಿನಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಹೀಗಾಗಿ ಆರ್ಗನ್ನಿಗೊಂದು, ಪಿಯಾನೋಕ್ಕೊಂದು, ಸಿಂಥಸೈಜರಿಗೊಂದು ಎಂದು ಒಬ್ಬನ ಸುತ್ತ ವಾದ್ಯಗಳು ಬೇಲಿಯಂತೆ ನಿಂತುವು. ವಾದ್ಯಕ್ಕೊಂದು ತಂತಿ. ಇಷ್ಟು ತಂತಿಗಳನ್ನು ಎಲ್ಲಿಗೆ ಸೇರಿಸುವುದು?

ಅದೇ ಕಾಲಕ್ಕೆ ಇನ್ನೊಂದು ತೊಡಕು ಬಯಲಾಯಿತು. ೧೯೬೫ರ ಆಗಸ್ಟ್ ೧೫ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ ಸುಮಾರು ೫೫,೦೦೦ ಜನರ ಮುಂದೆ ಹಾಡಿತು. ಜನರ ಕಿರುಚಾಟದಲ್ಲಿ ತಮ್ಮ ವಾದ್ಯ ತಮಗೇ ಕೇಳಿಸದೆ ಅವರು ನುಡಿಸಿದರು. ನುಡಿಸುವವನಿಗೆ ತನ್ನ ನಾದ ಕೇಳಿಸದಿದ್ದರೆ ಶ್ರುತಿಯೂ ಲಯವೂ ಊಹೆಯ ಮೇಲೆ ನಡೆಯಬೇಕು. ನಮ್ಮ ಗಣೇಶನ ಪೆಂಡಾಲಿನಲ್ಲಿ ಈ ಸಂಕಟವನ್ನು ಕಾಣದ ಕೀಬೋರ್ಡಿನವರು ಅಪರೂಪ. ವೇದಿಕೆಯ ಮುಂದಿನ ದೊಡ್ಡ ಕಹಳೆಗಳು ಜನರತ್ತ ಮುಖಮಾಡಿವೆ, ತಬಲದವರು ಪಕ್ಕದಲ್ಲೇ ಗುದ್ದುತ್ತಿದ್ದಾರೆ, ಹಾಡುವವರು "ಸ್ವಲ್ಪ ಹೆಚ್ಚು ಕೊಡಿ" ಎಂದು ಕಣ್ಣಿನಲ್ಲೇ ಕೇಳುತ್ತಿದ್ದಾರೆ, ಮೈಕ್‌ಸೆಟ್ಟಿನ ಹುಡುಗ ಐವತ್ತು ಗಜ ದೂರದಲ್ಲಿ ಚಹಾ ಕುಡಿಯುತ್ತಿದ್ದಾನೆ. ಕೀಬೋರ್ಡಿನವನು ತನಗೆ ಕೇಳಲೆಂದು ವಾದ್ಯದ ಗುಂಡಿಯನ್ನು ತಿರುಗಿಸುತ್ತಾನೆ; ಅತ್ತ ಸಭೆಯಲ್ಲಿ ಹಾಡು ಮುಳುಗಿಹೋಗುತ್ತದೆ. ಬೈಗುಳ ಮಾತ್ರ ಇವನಿಗೆ.

ಅಮೆರಿಕದಲ್ಲಿ ಇದಕ್ಕೆ ಮೊದಮೊದಲು ಸಿಕ್ಕ ಪರಿಹಾರ ರೇಡಿಯೋದ ಸಾಮಾನೇ. ೧೯೬೯ರ ವುಡ್‌ಸ್ಟಾಕ್ ಉತ್ಸವದ ಧ್ವನಿವ್ಯವಸ್ಥೆ ನೋಡಿಕೊಂಡ ಬಿಲ್ ಹ್ಯಾನ್ಲಿ, ಹೊರಾಂಗಣ ಬಿತ್ತರಕ್ಕೆ ಒಯ್ಯುವಂಥ ನಾಲ್ಕೇ ಮೈಕಿನ ಶೂರ್ ಸಣ್ಣ ಮಿಕ್ಸರುಗಳನ್ನು ಅಲ್ಲಿ ಬಳಸಿದ. ಅದೇ ವರ್ಷ ಸಿಯಾಟಲ್ ಕಡೆಯ ಗ್ರೆಗ್ ಮ್ಯಾಕಿ ಎಂಬಾತ ಗೆಳೆಯನೊಡನೆ ಟ್ಯಾಪ್ಕೋ ಎಂಬ ಸಂಸ್ಥೆ ಕಟ್ಟಿ, ವಾದ್ಯತಂಡಗಳಿಗೆಂದೇ ಆರು ಚಾನೆಲಿನ ಮಿಕ್ಸರು ಮಾಡಿದ. ನಿಲಯದ ಯಂತ್ರ ನಿಲಯದ ಹೊರಗೆ ಹೊರಟಿತು.

ಆದರೂ ಪುಟ್ಟ ಮಿಕ್ಸರು ಕೀಬೋರ್ಡಿನ ಒಡನಾಡಿಯಾದುದು ಎಂಬತ್ತರ ದಶಕದಲ್ಲಿ. ೧೯೮೩ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಪ್ರದರ್ಶನವೊಂದರಲ್ಲಿ ಅಮೆರಿಕದ ಒಂದು ಕೀಬೋರ್ಡನ್ನೂ ಜಪಾನಿನ ಒಂದು ಕೀಬೋರ್ಡನ್ನೂ ಒಂದೇ ತಂತಿಯಿಂದ ಸೇರಿಸಿದರು. ಒಂದನ್ನು ಒತ್ತಿದರೆ ಇನ್ನೊಂದು ನುಡಿಯಿತು. ಮಿಡಿ ಎಂಬ ಈ ಭಾಷೆ ಬಂದ ಮೇಲೆ ಒಂದೇ ಮಣೆಯಿಂದ ನಾಲ್ಕಾರು ಸ್ವರಪೆಟ್ಟಿಗೆಗಳನ್ನು ನುಡಿಸುವುದು ಸಾಧ್ಯವಾಯಿತು. ನುಡಿಸುವ ಆಜ್ಞೆ ಒಂದು ತಂತಿಯಲ್ಲಿ ಹೋದರೂ ನಾದ ಮಾತ್ರ ಪ್ರತಿ ಪೆಟ್ಟಿಗೆಯಿಂದ ಎಡ ಬಲ ಎರಡೆರಡು ತಂತಿಗಳಲ್ಲಿ ಹೊರಬರುತ್ತಿತ್ತು. ಎಡ ಬಲ ಎಂಬ ಈ ಜೋಡಿಯೂ ಹಳೆಯದೇ. ಲಂಡನ್ನಿನ ಅಲನ್ ಬ್ಲಮ್‌ಲೈನ್ ೧೯೩೧ರಲ್ಲೇ ಅದರ ಪೇಟೆಂಟಿಗೆ ಅರ್ಜಿ ಹಾಕಿದ್ದ. ಹಳೆಯ ಮಿಕ್ಸರುಗಳು ಮೈಕಿಗಾಗಿ ಮಾಡಿದವು. ಮೈಕಿನಿಂದ ಬರುವುದು ವೋಲ್ಟಿನ ಸಾವಿರದಲ್ಲಿ ಕೆಲವೇ ಅಂಶ. ಕೀಬೋರ್ಡಿನಿಂದ ಬರುವುದು ಒಂದು ವೋಲ್ಟಿನ ಆಸುಪಾಸು. ಹನಿ ನೀರಿಗೆ ಹೂಡಿದ ಕಾಲುವೆಗೆ ಕೆರೆಯ ತೂಬು ತೆರೆದಂತಾಯಿತು! ಅದೇ ಗ್ರೆಗ್ ಮ್ಯಾಕಿ ೧೯೮೮ರಲ್ಲಿ ಹೊಸ ಸಂಸ್ಥೆ ಆರಂಭಿಸಿ ಮೊದಲು ಮಾಡಿದ್ದು ಇಂಥ ಕೀಬೋರ್ಡಿನವರಿಗಾಗಿಯೇ, ಹದಿನಾರು ಚಾನೆಲಿನ ಲೈನ್ ಮಿಕ್ಸರನ್ನು. ಜಪಾನಿನ ಯಮಾಹ ೧೯೮೭ರಲ್ಲೇ ಎಂಟು ಚಾನೆಲಿನ ಡಿಜಿಟಲ್ ಮಿಕ್ಸರೊಂದನ್ನು ತಂದಿದ್ದಿತು. ಅದರ ಗುಂಡಿಗಳು ದೆವ್ವ ಹಿಡಿದಂತೆ ತಾವಾಗಿಯೇ ಸರಿಯುತ್ತಿದ್ದುವು. ನಮ್ಮ ಊರುಗಳಲ್ಲಿ ಆಗ ಕ್ಯಾಸಿಯೋದ ಕಾಲ. ಯಾವ ಸಂಸ್ಥೆಯ ಕೀಬೋರ್ಡಾದರೂ ಅದು ಕ್ಯಾಸಿಯೋ ಎಂದೇ ಕರೆಸಿಕೊಂಡಿತು.

ಈ ಕಥೆ ತಿಳಿದ ಮೇಲೆ ಅಂಗಡಿಯಲ್ಲಿ ಏನನ್ನು ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಒಂದೇ. ನುಡಿಸುವವರು ತಾವು ಕೇಳಿಕೊಳ್ಳುವ ಶಬ್ದವನ್ನು ಏರಿಸಿದರೆ ಸಭೆಗೆ ಹೋಗುವ ಶಬ್ದ ಏರಬಾರದು. ಇದಕ್ಕಾಗಿ ಸಭೆಯ ಕಡೆಗೆ ಒಂದು, ತನ್ನ ಕಡೆಗೆ ಒಂದು, ಎರಡು ಬೇರೆ ಬೇರೆ ಗುಂಡಿಗಳೂ ಎರಡು ಬೇರೆ ಬೇರೆ ಹೊರದಾರಿಗಳೂ ಇರಬೇಕು. ಇದಿಲ್ಲದ ಪೆಟ್ಟಿಗೆ ಎಷ್ಟೇ ಅಗ್ಗವಾದರೂ ಬೇಡ. ಮೇಲೆ ಹೇಳಿದ ಪೆಂಡಾಲಿನ ಜಗಳಕ್ಕೆ ಮದ್ದು ಇದೊಂದೇ.

ಎರಡನೆಯದು ಎಣಿಕೆ. ಎರಡು ಕೀಬೋರ್ಡುಗಳಿದ್ದರೆ ಎಡ ಬಲ ಸೇರಿ ನಾಲ್ಕು ತಂತಿ, ತಾಳಕ್ಕಾಗಿ ಲ್ಯಾಪ್‌ಟಾಪೋ ಫೋನೋ ಇದ್ದರೆ ಇನ್ನೆರಡು, ಮಾತಿಗೊಂದು ಮೈಕು. ಒಟ್ಟು ಏಳು. ಪೆಟ್ಟಿಗೆಯ ಮೇಲೆ 'ಎಂಟು' ಎಂದಿದ್ದರೆ ಒಳಗೆ ಎಂಟು ಸ್ವತಂತ್ರ ಗುಂಡಿಗಳಿವೆ ಎಂದು ನಂಬಬೇಡಿ; ಎಡ ಬಲದ ಜೋಡಿಯನ್ನು ಎರಡೆಂದು ಎಣಿಸುವುದು ಈ ವ್ಯಾಪಾರದ ರೂಢಿ. ಕೀಬೋರ್ಡಿನವರಿಗೆ ಮೈಕಿನ ದಾರಿ ಒಂದೆರಡು ಸಾಕು, ಜೋಡಿ ದಾರಿಗಳು ಮೂರಾದರೂ ಇರಲಿ. ಪ್ರತಿಧ್ವನಿಯ ಮಾಯಾಜಾಲಕ್ಕೆ ಹೆಚ್ಚು ಹಣ ತೆರುವುದು ದಂಡ. ಅದು ಕೀಬೋರ್ಡಿನ ಒಳಗೇ ಇರುತ್ತದೆ.

ಸಭೆಯ ಕಹಳೆಗಳೆಲ್ಲ ಒಂದೇ ತಂತಿಯಲ್ಲಿ ನುಡಿಯುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಅಲ್ಲಿ ಎಡ ಬಲ ಎರಡನ್ನೂ ಕೂಡಿಸಿ ಕಳಿಸಿದರೆ ಕೆಲವು ಪಿಯಾನೋ ನಾದಗಳು ಒಂದನ್ನೊಂದು ಹೊಡೆದುಕೊಂಡು ಟೊಳ್ಳಾಗಿ ಕೇಳುತ್ತವೆ. ಅಂಥ ಕಡೆ ಕೀಬೋರ್ಡಿನ 'ಎಡ/ಮೊನೊ' ಎಂದು ಬರೆದ ರಂಧ್ರದಿಂದ ಒಂದೇ ತಂತಿ ತರುವುದು ಲೇಸು.

ಪೆಟ್ಟಿಗೆಯ ಮೇಲೆ '೪೮ ವೋಲ್ಟ್' ಎಂಬ ಗುಂಡಿಯೊಂದಿರುತ್ತದೆ. ಅದರ ಕಥೆಯೂ ರೇಡಿಯೋದ್ದೇ. ೧೯೬೬ರಲ್ಲಿ ಜರ್ಮನಿಯ ನಾಯ್‌ಮನ್ ಸಂಸ್ಥೆ ನಾರ್ವೆ ದೇಶದ ರೇಡಿಯೋಕ್ಕೆ ಹೊಸ ಮೈಕುಗಳನ್ನು ಮಾಡಿಕೊಡಬೇಕಾಯಿತು. ಚಳಿಗಾಲದಲ್ಲಿ ಹಗಲೇ ಕಿರಿದಾಗುವ ಆ ನಾಡಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗಾಗಿ ೪೮ ವೋಲ್ಟಿನ ಸರಬರಾಜು ಮೊದಲೇ ಇದ್ದಿತು. ಮೈಕಿಗೂ ಅದನ್ನೇ ಕೊಟ್ಟರು. ಅದೇ ಲೋಕದ ಕಟ್ಟಳೆಯಾಯಿತು. ಕಂಡೆನ್ಸರ್ ಮೈಕು ಇಲ್ಲದವರಿಗೆ ಇದು ಬೇಕಿಲ್ಲ, ಆರಿಸಿಯೇ ಇಡಿ. ಕೀಬೋರ್ಡನ್ನು ಮೈಕಿನ ಮೂರು ಮೊಳೆಯ ರಂಧ್ರಕ್ಕೆ ಸಿಕ್ಕಿಸಿದ್ದಾಗ ಅದು ಹತ್ತಿಕೊಂಡರೆ ವಾದ್ಯಕ್ಕೇ ಅಪಾಯವಾಗಬಹುದು.

ಕೊನೆಯದಾಗಿ 'ಗುಂಯ್' ಎಂಬ ಗುಂಗಾಟ. ಕಲ್ಯಾಣಮಂಟಪದ ಒಂದು ಮೂಲೆಯ ಪ್ಲಗ್ಗಿನಿಂದ ಕೀಬೋರ್ಡಿಗೆ ವಿದ್ಯುತ್ತು, ಇನ್ನೊಂದು ಮೂಲೆಯಿಂದ ಧ್ವನಿವರ್ಧಕಕ್ಕೆ. ನಡುವೆ ಭೂಮಿಯ ತಂತಿಗಳು ಎರಡು ಕಡೆ ಸೇರಿ ಒಂದು ಸುತ್ತು ಆಗುತ್ತದೆ, ವಿದ್ಯುತ್ತಿನ ೫೦ ಆವರ್ತನ ಸಂಗೀತದೊಳಗೆ ಹಾಡತೊಡಗುತ್ತದೆ. ಭೂಮಿಯ ಮೊಳೆಯನ್ನು ಕಿತ್ತು ಇದನ್ನು ನಿಲ್ಲಿಸುವ ರೂಢಿ ಕೆಲವರಲ್ಲಿದೆ. ಅದು ಜೀವಕ್ಕೆ ಎರವಾದೀತು, ಎಂದೂ ಮಾಡಗೊಡಬೇಡಿ. ಮಿಕ್ಸರಿನಿಂದ ಸಭೆಗೆ ಹೋಗುವ ತಂತಿಯ ನಡುವೆ ಡಿ.ಐ. ಪೆಟ್ಟಿಗೆ ಎಂಬ ಸಣ್ಣ ಸಾಧನವಿಟ್ಟರೆ ಸಾಕು. ಟ್ರಾನ್ಸ್‌ಫಾರ್ಮರ್ ಇರುವಂಥದೇ ಬೇಕೆಂದು ಕೇಳಿ. ಅದು ನಾದವನ್ನು ದಾಟಿಸಿ ಭೂಮಿಯ ಸುತ್ತನ್ನು ಕಡಿಯುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮದೇ ಕೀಬೋರ್ಡನ್ನೂ ಒಂದು ಹೆಡ್‌ಫೋನನ್ನೂ ಒಯ್ಯಿರಿ. ಒಂದೊಂದೇ ಗುಂಡಿಯನ್ನು ನಿಧಾನವಾಗಿ ತಿರುಗಿಸಿ ನೋಡಿರಿ. ಕರಕರ ಎಂದರೆ ಇನ್ನೊಂದು ಪೆಟ್ಟಿಗೆ ತೋರಿಸಲು ಹೇಳಿರಿ. ಅದರ ವಿದ್ಯುತ್ ಅಡಾಪ್ಟರು ಬಿಡಿಯಾಗಿ ಸಿಕ್ಕುವುದೇ ಎಂದು ಕೇಳಿ, ಸಿಕ್ಕುವಂತಿದ್ದರೆ ಅಂದೇ ಎರಡನೆಯದನ್ನೂ ಕೊಂಡುಬನ್ನಿ.