ಗೊಂಬೆಮನೆಯ ಮರದ ಪೀಠೋಪಕರಣ

ಯುರೋಪಿನ ಗೊಂಬೆಮನೆಗಳಿಗಾಗಿ ಮರದಲ್ಲಿ ಮಾಡುತ್ತಿದ್ದ ಪುಟಾಣಿ ಮಂಚ, ಕುರ್ಚಿ, ಮೇಜು, ಕಪಾಟುಗಳು. ಇಂದು ಇವನ್ನು ಮಕ್ಕಳ ಆಟಿಕೆಗಳೆಂದೇ ಎಣಿಸಿದರೂ ಮೊದಲಿಗೆ ಇವು ದೊಡ್ಡವರ ಸ್ವತ್ತಾಗಿದ್ದವು. ಬವೇರಿಯದ ದೊರೆ ಐದನೆಯ ಆಲ್ಬ್ರೆಕ್ಟ್ 1558ರ ಹೊತ್ತಿಗೆ ಮಾಡಿಸಿದ ಗೊಂಬೆಮನೆ, ದಾಖಲೆಗಳಲ್ಲಿ ಸಿಗುವ ಅತಿ ಹಳೆಯವುಗಳಲ್ಲೊಂದು. 17ನೆಯ ಶತಮಾನದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ ತಮ್ಮ ಗೊಂಬೆಮನೆಯನ್ನು ಸಜ್ಜುಗೊಳಿಸಲು ಸುರಿದ ಹಣದಲ್ಲಿ ಕಾಲುವೆ ದಂಡೆಯ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು. ಆ ಗೊಂಬೆಮನೆ ಈಗ ಅದೇ ಊರಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಆ ಕಾಲದ ಮನೆಯೊಳಗಣ ಬದುಕನ್ನು ಅರಿಯಲು ಇಂಥ ಗೊಂಬೆಮನೆಗಳಷ್ಟು ನಂಬಿಕೆಯ ಆಕರಗಳು ಕಡಿಮೆ: ನಿಜವಾದ ಅಡುಗೆಮನೆಗಳು ಬದಲಾಗುತ್ತ ಹೋದವು, ಗೊಂಬೆಯ ಅಡುಗೆಮನೆಗಳು ಹಾಗೇ ಉಳಿದವು.

19ನೆಯ ಶತಮಾನದಲ್ಲಿ ಜರ್ಮನಿಯ ಕುಶಲಕರ್ಮಿಗಳು ಈ ಸಾಮಾನುಗಳನ್ನು ಮಧ್ಯಮ ವರ್ಗದ ಮಕ್ಕಳ ಕೈಗೆಟುಕಿಸಿದರು. ಥುರಿಂಜಿಯದ ವಾಲ್ಟರ್ಸ್‌ಹೌಸನ್ ಊರಿನ ಪೀಠೋಪಕರಣ ಬಹಳ ಹೆಸರುವಾಸಿ. ಬೀಟೆಮರದಂತೆ ಕಾಣುವ ಕಪ್ಪುಗೆಂಪು ಮೈ, ಅದರ ಮೇಲೆ ಕೆತ್ತನೆಯ ಬದಲು ಅಚ್ಚೊತ್ತಿದ ಚಿನ್ನದ ಬಣ್ಣದ ಬಳ್ಳಿಗಳು ಇದರ ಗುರುತು.

ಪೀಠೋಪಕರಣವಲ್ಲದಿದ್ದರೂ ಇನ್ನೂ ಬೆರಗಿನ ಮರಗೆಲಸ ಸ್ಯಾಕ್ಸನಿಯ ಸೈಫೆನ್ ಊರಿನ ಆಟದ ಪ್ರಾಣಿಗಳದು. ತವರದ ಗಣಿಗಾರಿಕೆ ಸೊರಗಿದಂತೆ ಅಲ್ಲಿನ ಜನ ಮರ ಕಡೆಯುವ ಕಸುಬಿಗೆ ಹೊರಳಿದರು. ಸ್ಪ್ರೂಸ್ ಮರದ ಹಸಿ ದಿಮ್ಮಿಯ ಬಿಲ್ಲೆಯನ್ನು ಲೇತಿಗೆ ಕಟ್ಟಿ, ಎರಡೂ ಬದಿಯಿಂದ ಉಳಿ ಹಿಡಿದು ಕೋಡುಬಳೆಯಂಥ ಬಳೆಯಾಗಿ ಕಡೆಯುತ್ತಾರೆ. ಅದನ್ನು ಅಡ್ಡಲಾಗಿ ಸೀಳಿದರೆ ಒಂದೊಂದು ತುಂಡೂ ಕುದುರೆಯೋ ಹಸುವೋ ಆಗಿರುತ್ತದೆ. ಕಡೆಯುವಾಗ ಆಕಾರ ಕಣ್ಣಿಗೆ ಕಾಣದು. ಕೈಯ ಪಳಗಿಕೆಯೇ ಎಲ್ಲ. ಕಿವಿ, ಬಾಲಗಳನ್ನು ಆಮೇಲೆ ಅಂಟಿಸಿ ಕುಂಚದಿಂದ ಬಣ್ಣ ಬಳಿಯುತ್ತಾರೆ. ನಮ್ಮ ಚನ್ನಪಟ್ಟಣದಲ್ಲಾದರೋ ಆಟಿಕೆ ಲೇತಿನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ.

ಹಳೆಯ ಸಾಮಾನುಗಳಲ್ಲಿ ಅಳತೆಯ ಕಟ್ಟುಪಾಡಿರಲಿಲ್ಲ. ಒಂದೇ ಕೋಣೆಯ ಕುರ್ಚಿಗೂ ಮೇಜಿಗೂ ಅಳತೆ ಹೊಂದದೆ ಇದ್ದದ್ದೂ ಉಂಟು. ಅಡಿಗೆ ಒಂದು ಅಂಗುಲವೆಂಬ 1:12ರ ಅಳತೆ 20ನೆಯ ಶತಮಾನದಲ್ಲಿ ನೆಲೆಗೊಂಡಿತು. ವಾಸ್ತುಶಿಲ್ಪಿ ಎಡ್ವಿನ್ ಲಟ್ಯನ್ಸ್ ವಿನ್ಯಾಸದಲ್ಲಿ 1924ರಲ್ಲಿ ಮುಗಿದ ಬ್ರಿಟನ್ನಿನ ರಾಣಿ ಮೇರಿಯ ಗೊಂಬೆಮನೆ ಇದೇ ಅಳತೆಯದು. ವಿದ್ಯುತ್ ದೀಪ, ನಲ್ಲಿ ನೀರು ಎಲ್ಲ ಇರುವ ಅದನ್ನು ವಿಂಡ್ಸರ್ ಕೋಟೆಯಲ್ಲಿ ಕಾಣಬಹುದು.

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಜರ್ಮನ್ ಆಟಿಕೆಗಳು ಬರುವುದು ನಿಂತಾಗ ಅಲ್ಲಿನ ತಯಾರಕರಿಗೆ ದಾರಿ ತೆರೆಯಿತು. ಎರಡನೆಯದರ ಬಳಿಕ ಪ್ಲಾಸ್ಟಿಕ್ ಬಂದು ಮರವನ್ನು ಮೂಲೆಗೊತ್ತಿತು. ಸೈಫೆನ್‌ನಲ್ಲಿ ಮಾತ್ರ ಬೆರಳೆಣಿಕೆಯ ಕಸುಬುದಾರರು ಈಗಲೂ ಬಳೆ ಕಡೆಯುತ್ತಾರೆ.