ಅಣ್ಣನಿಗೆ ಬಹುವಚನ ಬಂದಾಗ

‘ಅಣ್ಣಾ, ಏಕ್ ಪ್ಲೇಟ್ ಇಡ್ಲಿ ದ್ಯಾ.’ ಬೆಳಿಗ್ಗೆ ಪುಣೆಯ ವಾಕಡದ ಗಾಡಿಗಳ ಮುಂದೆ ಹಿಂಜವಡಿಯ ಐಟಿ ಕಂಪನಿಗಳಿಗೆ ಹೊರಟವರು ಹೀಗೆ ಕೂಗುತ್ತಾರೆ. ಇಡ್ಲಿ ಕೊಡುವವನು ಕುಂದಾಪುರದವನೋ ಮಧುರೆಯವನೋ, ಯಾರಿಗೂ ಬೇಕಿಲ್ಲ. ಕರೆಯುವಾಗ ಈ ಪದದಲ್ಲಿ ಕಹಿಯೇನೂ ಇಲ್ಲ. ಮರಾಠಿಗೂ ಅದು ಮನೆಯ ಮಾತೇ. ಅಣ್ಣಾಭಾವು ಸಾಠೆ, ಅಣ್ಣಾ ಹಜಾರೆ ಎಂದು ಗೌರವದಿಂದ ಹೇಳುತ್ತಾರೆ. ಅದೇ ಪದಕ್ಕೆ, ಮರಾಠಿಯಲ್ಲಿ ಜನ ಎಂಬರ್ಥದ ‘ಲೋಕ’ ಸೇರಿ ‘ಅಣ್ಣಾ ಲೋಕ’ ಆಯಿತೋ, ಅಲ್ಲಿಗೆ ಕನ್ನಡ, ತುಳು, ತಮಿಳು, ಮಲಯಾಳ ಎಲ್ಲ ಕಲಸಿ ಒಂದೇ ಮುಖ. ಎದುರಿಗಿದ್ದವನು ಅಣ್ಣ, ಅತ್ತ ತಿರುಗಿದರೆ ಅವರು.

1966ರಲ್ಲಿ ಶಿವಸೇನೆ ಹುಟ್ಟಿದ ಹೊತ್ತಿನಲ್ಲಿ ಬಾಳ ಠಾಕರೆಯವರ ‘ಮಾರ್ಮಿಕ’ ವಾರಪತ್ರಿಕೆ ಮುಂಬೈ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕುತ್ತಿತ್ತು. ಮರಾಠಿ ಹುಡುಗರಿಗೆ ಕೆಲಸವಿಲ್ಲದಿದ್ದದ್ದು ಸುಳ್ಳಲ್ಲ. ಆದರೆ ಕೆಲಸ ಯಾಕಿಲ್ಲ ಎಂಬ ಕಷ್ಟದ ಪ್ರಶ್ನೆಗಿಂತ ಯಾರ ಬಳಿ ಇದೆ ಎಂಬುದು ಸುಲಭ. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು. 2008ರಲ್ಲಿ ಪೆಟ್ಟು ತಿನ್ನುವ ಸರದಿ ಉತ್ತರ ಭಾರತದ ‘ಭೈಯಾ’ಗಳದು. ‘ಭೈಯಾ’ ಅಂದರೂ ಅಣ್ಣನೇ ತಾನೆ!

ಹೊಟ್ಟೆಪಾಡಿನ ಪೈಪೋಟಿಯೊಂದೇ ಕಾರಣ ಎನ್ನಲೂ ಬರುವುದಿಲ್ಲ. ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರಿಗೆ ಚಿತ್ರಗಳಲ್ಲಿ ಇಷ್ಟವಾದದ್ದನ್ನು ಆರಿಸಲು ಹೇಳಿ, ಆ ನೆಪದಲ್ಲಿ ಅವರನ್ನು ಮನಬಂದಂತೆ ಎರಡು ಗುಂಪು ಮಾಡಿ, ಹಣ ಹಂಚಲು ಬಿಟ್ಟ. 1970ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ನನ್ನನ್ನು ಈಗಲೂ ಕಾಡುತ್ತದೆ: ತಮ್ಮ ಗುಂಪಿಗೆ ನಾಲ್ಕು ಕಾಸು ಕಡಿಮೆಯಾದರೂ ಸರಿ, ಆಚೆಯವರಿಗಿಂತ ಹೆಚ್ಚಿರಬೇಕು ಎಂಬಂತೆ ಹುಡುಗರು ಹಂಚಿದ್ದರು. ಅವರ ನಡುವೆ ಹಳೆಯ ಜಗಳವೂ ಇರಲಿಲ್ಲ, ಭಾಷೆಯ ಭೇದವೂ ಇರಲಿಲ್ಲ.

ವಾಕಡದ ಕನ್ನಡಿಗರಾದ ನಾವೂ ಸಾಚಾಗಳಲ್ಲ. ಫ್ಲ್ಯಾಟಿಗೆ ಬಣ್ಣ ಬಳಿಯುವವನನ್ನು ‘ಭೈಯಾ’ ಎಂದು ಕರೆದು ಚಹಾ ಕೊಟ್ಟು, ಅವನು ಲಿಫ್ಟ್ ಇಳಿಯುತ್ತಲೇ ‘ಈ ಭೈಯಾಗಳೇ ಹಿಂಗ’ ಎನ್ನುತ್ತೇವೆ. ಊರಿನಿಂದ ತಂದ ಸರಕು ಬೇರೆ ಇದೆ. ಕೊಂಗು ಎನ್ನುವುದು ಕೊಯಮತ್ತೂರು, ಈರೋಡು ಸೀಮೆಯ ಹೆಸರು. ಅದನ್ನು ‘ಕೊಂಗ’ ಮಾಡಿ ಇಡೀ ತಮಿಳರಿಗೆ ಅಂಟಿಸಿದವರು ನಾವು. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಾದಾಗ ಬೆಂಗಳೂರಿನ ತಮಿಳರು ಊರು ಬಿಟ್ಟು ಓಡಿದರು. ‘ಅಣ್ಣಾ ಲೋಕ’ ಎಂದವರ ಮೇಲೆ ಸಿಟ್ಟಾಗುವ ಹಕ್ಕು ‘ಕೊಂಗ’ವನ್ನು ಬಾಯಿಂದ ಬಿಟ್ಟವರಿಗೆ ಮಾತ್ರ.